ಕಾಯಿಲೆ ಇರುವ ಮನೆ ದೇವರ ರಾಜ್ಯದ ಹೊರಗಾ?

ಓದುಗರ ಪತ್ರ: "ನನ್ನ ಗಂಡನಿಗೆ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ನಮ್ಮಿಂದ ಸಾಲ ತೆಗೆದುಕೊಂಡ ಮೈದುನ ಇನ್ನೂ ವಾಪಸ್ ಕೊಟ್ಟಿಲ್ಲ. ಹೊಸ ಮನೆ ಕಟ್ಟಿದ್ದಾನೆ, ಕಾರು ತಗೊಂಡಿದ್ದಾನೆ. ದೇವರ ರಾಜ್ಯವನ್ನು ಮೊದಲು ಹುಡುಕಿದೆ, ಎಲ್ಲಾ ಸಿಕ್ತು ಅಂತ ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳುತ್ತಾನೆ. ಹೊರಗಿನಿಂದ ಬಂದ ಬೋಧಕರೊಬ್ಬರು, ದೇವರ ಆಳ್ವಿಕೆಯಲ್ಲಿರುವವರ ಹೊಸ್ತಿಲನ್ನು ರೋಗವೂ ಸಾಲವೂ ದಾಟಬಾರದು, ವಿಶೇಷ ಕಾಣಿಕೆ ಇಡಿ ಅಂದರು. ಹಾಗಾದರೆ ನಾವು ದೇವರ ರಾಜ್ಯದಲ್ಲಿ ಇಲ್ವಾ? ಸಾಕ್ಷಿ ಹೇಳು ಅಂತ ಕರೆದರೆ ನಾನು ಏನು ಹೇಳಲಿ?" (ಹೆಸರು ಬೇಡ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರ ಉತ್ತರ:

ಅಕ್ಕಾ, ಕರ್ತನಲ್ಲಿ ವಂದನೆಗಳು.

ನೀವು ಆ ರಾಜ್ಯದೊಳಗೇ ಇದ್ದೀರಿ. ಯಜಮಾನರು ಹಾಸಿಗೆ ಹಿಡಿದ ದಿನ ನಿಮ್ಮನ್ನು ಯಾರೂ ಹೊರಗೆ ಹಾಕಿಲ್ಲ. ಆ ಬೋಧಕರು ಹೇಳಿದ್ದು ತಪ್ಪು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಮನಸ್ಸಿಲ್ಲ, ಯಾಕಂದರೆ ಇಂಥ ಮಾತು ಕೇಳಿ ಎಷ್ಟೋ ಮನೆಗಳಲ್ಲಿ ರೋಗಿಯ ಪಕ್ಕ ಕೂತವರು ತಮ್ಮಲ್ಲೇ ಏನೋ ಪಾಪ ಇದೆ ಅಂತ ರಾತ್ರಿಯೆಲ್ಲಾ ಅಳುತ್ತಾರೆ.

ನಿಮ್ಮ ಮೈದುನ ಹೇಳುವ ವಚನ ಮತ್ತಾಯ 6:33. ಅದರ ಹಿಂದಿನ ಸಾಲುಗಳನ್ನೂ ಓದಿ. ಏನು ಉಣ್ಣಬೇಕು, ಏನು ಕುಡಿಯಬೇಕು, ಏನು ಹೊದೆಯಬೇಕು ಎಂಬ ಚಿಂತೆಯ ಬಗ್ಗೆ ಯೇಸು ಸ್ವಾಮಿ ಅಲ್ಲಿ ಮಾತಾಡುತ್ತಿದ್ದಾರೆ. ದೊರಕುತ್ತದೆ ಅಂದದ್ದು ಅದು. ಮಹಡಿ ಮನೆ ಕೊಡುತ್ತೇನೆ ಅಂತ ಅಲ್ಲಿ ಎಲ್ಲೂ ಇಲ್ಲ. ಮುಂದಿನ ವಚನದಲ್ಲೇ, ನಾಳಿನ ಚಿಂತೆ ಬೇಡ, ಒಂದೊಂದು ದಿನಕ್ಕೂ ಅದರದೇ ಪಾಡು ಇದೆ ಅಂತಾರೆ. ಅಂದರೆ ರಾಜ್ಯವನ್ನು ಹುಡುಕುವವರ ದಿನದಲ್ಲೂ ಪಾಡು ಇದ್ದೇ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ಮೈದುನನಿಗೆ ಮನೆ ಆಗಿದ್ದರೆ ಸಂತೋಷ, ಅದಕ್ಕೆ ಅವನು ದೇವರಿಗೆ ಸ್ತೋತ್ರ ಹೇಳಲಿ. ಆದರೆ ಅದನ್ನು ಅಳತೆಗೋಲು ಮಾಡಿ ನಿಮ್ಮ ಮನೆಯನ್ನು ಅಳೆಯುವುದು ಸರಿಯಲ್ಲ.

ನಿಮ್ಮ ಪ್ರಶ್ನೆಯನ್ನು ನಿಮಗಿಂತ ಮೊದಲು ಕೇಳಿದವನು ಸ್ನಾನಿಕನಾದ ಯೋಹಾನ. ಪರಲೋಕ ರಾಜ್ಯ ಹತ್ತಿರ ಬಂತು ಅಂತ ಅಡವಿಯಲ್ಲಿ ಕೂಗಿ ಹೇಳಿದವನೇ ಅವನು. ಅಂಥವನನ್ನು ಗಲಿಲಾಯವನ್ನು ಆಳುತ್ತಿದ್ದ ಹೆರೋದ ಸೆರೆಗೆ ಹಾಕಿಸಿದ. ಮೃತ ಸಮುದ್ರದ ಪೂರ್ವಕ್ಕಿದ್ದ ಮಖೇರಸ್ ಕೋಟೆಯಲ್ಲಿ ಇಟ್ಟಿದ್ದರು ಅಂತ ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹೊರಗೆ ಯೇಸು ಕುರುಡರಿಗೆ ಕಣ್ಣು ಕೊಡುತ್ತಿದ್ದಾರೆ, ಕುಷ್ಠರೋಗಿಗಳನ್ನು ಮುಟ್ಟಿ ಶುದ್ಧ ಮಾಡುತ್ತಿದ್ದಾರೆ ಅಂತ ಸುದ್ದಿ ಬರುತ್ತದೆ. ಒಳಗೆ ಇವನು ಕತ್ತಲಲ್ಲಿ. ಕೊನೆಗೆ ಶಿಷ್ಯರನ್ನು ಕಳಿಸಿ ಕೇಳುತ್ತಾನೆ: ಬರಬೇಕಾದವನು ನೀನೇನಾ, ಇಲ್ಲಾ ನಾವು ಬೇರೆಯವನ ದಾರಿ ನೋಡಬೇಕಾ?

ಮತ್ತಾಯ 11ರಲ್ಲಿ ಯೇಸು ಕೊಟ್ಟ ಉತ್ತರ ನೋಡಿ. ಕುರುಡರು ನೋಡುತ್ತಾರೆ, ಕುಂಟರು ನಡೆಯುತ್ತಾರೆ, ಕಿವುಡರು ಕೇಳುತ್ತಾರೆ, ಸತ್ತವರು ಏಳುತ್ತಾರೆ, ಬಡವರಿಗೆ ಸುವಾರ್ತೆ ಸಾರೋಣವಾಗುತ್ತದೆ. ಇದರಲ್ಲಿ ಹೆಚ್ಚಿನದು ಪ್ರವಾದಿ ಯೆಶಾಯನ ಗ್ರಂಥದ 35 ಮತ್ತು 61ನೇ ಅಧ್ಯಾಯಗಳನ್ನು ನೆನಪಿಸುವ ಮಾತು. ಆದರೆ 61ರಲ್ಲಿ ಇನ್ನೊಂದು ಮಾತೂ ಇದೆ, ಸೆರೆಯವರಿಗೆ ಬಿಡುಗಡೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಅದನ್ನೇ ಎದ್ದು ನಿಂತು ಓದಿದ್ದರು. ಸೆರೆಯಲ್ಲಿದ್ದ ಯೋಹಾನನಿಗೆ ಹೇಳಿಕಳಿಸುವಾಗ ಮಾತ್ರ ಆ ಒಂದು ಮಾತು ಇಲ್ಲ. ನನ್ನ ವಿಷಯದಲ್ಲಿ ಎಡವದವನೇ ಧನ್ಯನು ಅಂತ ಮುಗಿಸುತ್ತಾರೆ. ಯೋಹಾನ ಜೀವಂತವಾಗಿ ಹೊರಗೆ ಬರಲಿಲ್ಲ. ಹೆರೋದನ ಹುಟ್ಟುಹಬ್ಬದ ದಿನ ಅವನ ತಲೆ ಹೋಯಿತು. ಅವನಿಗೆ ನಂಬಿಕೆ ಕಮ್ಮಿ ಆಯ್ತು, ಕಾಣಿಕೆ ಸಾಲಲಿಲ್ಲ ಅಂತ ಯೇಸು ಅಂದರಾ? ಇಲ್ಲ. ಹೆಂಗಸರಲ್ಲಿ ಹುಟ್ಟಿದವರೊಳಗೆ ಅವನಿಗಿಂತ ದೊಡ್ಡವನಿಲ್ಲ ಅಂದರು. ಬಿಡುಗಡೆ ಸಿಗದವನೂ ಧನ್ಯನಾಗಿರಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಗೊತ್ತಿಲ್ಲ.

ಪೌಲನೂ ಹಾಗೇ. ರೋಮಿನ ಸಭೆಯವರು ಮಾಂಸ ತಿನ್ನಬಹುದಾ, ಬರೀ ಕಾಯಿಪಲ್ಯ ತಿನ್ನಬೇಕಾ ಅಂತ ಕಿತ್ತಾಡುತ್ತಿದ್ದಾಗ, ದೇವರ ರಾಜ್ಯ ಅಂದರೆ ತಿನ್ನುವುದು ಕುಡಿಯುವುದಲ್ಲ, ನೀತಿ, ಸಮಾಧಾನ, ಪವಿತ್ರಾತ್ಮನಿಂದ ಬರುವ ಆನಂದ ಅಂತ ಬರೆದ. ಆಮೇಲೆ ಅವನೇ ಆ ರೋಮಿನಲ್ಲಿ ಕೈಗೆ ಸರಪಳಿ, ಕಾವಲಿಗೊಬ್ಬ ಸಿಪಾಯಿ ಇಟ್ಟುಕೊಂಡು, ಬಾಡಿಗೆ ಮನೆಯಲ್ಲಿ ಎರಡು ವರ್ಷ ಬಂದವರಿಗೆಲ್ಲಾ ದೇವರ ರಾಜ್ಯದ ವಿಷಯ ಹೇಳುತ್ತಾ ಕೂತ. ಅಪೊಸ್ತಲರ ಕೃತ್ಯಗಳು ಮುಗಿಯುವುದೇ ಅಲ್ಲಿಗೆ.

ಹಾಗಾದರೆ ನಮಗೆ ಸಿಕ್ಕಿದ್ದೇನು? ನನಗೆ ಎಲ್ಲಕ್ಕಿಂತ ದೊಡ್ಡದು ಕ್ಷಮಾಪಣೆ. ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಒಬ್ಬ ಆಳು ರಾಜನಿಗೆ ಕೊಡಬೇಕಿದ್ದ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಲೆಕ್ಕ ಹಾಕಿದರೆ 6 ಕೋಟಿ ದಿನದ ಕೂಲಿ. ಎಷ್ಟು ಜನ್ಮ ದುಡಿದರೂ ತೀರದ್ದು. ರಾಜ ಅದನ್ನು ಒಂದೇ ಮಾತಿಗೆ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದು, 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ.

ಇದನ್ನು ಓದಿ ನಿಮಗೆ ಮೈದುನನ ಸಾಲ ನೆನಪಾಗುತ್ತದೆ, ಅಲ್ವಾ? ಕ್ಷಮಿಸುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ನಾನು ಹೇಳುವುದಿಲ್ಲ. ಔಷಧಿಗೆ ಬೇಕು, ಕೇಳಿ. ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಬಿಡಬೇಕಾದದ್ದು ಅವನ ಕುತ್ತಿಗೆಯನ್ನು. ಅವನೂ ತನ್ನ ಅಣ್ಣನ ಮಂಚದ ಹತ್ತಿರ ಕೂತು ಈ ಸಾಮ್ಯವನ್ನು ಓದಬೇಕು ಅನ್ನುವುದು ನನ್ನ ಆಸೆ.

ಎರಡನೆಯದು ಮನೆಮಂದಿ. ಮಾರ್ಕ 10ರಲ್ಲಿ ಯೇಸು, ತನಗಾಗಿ ಬಿಟ್ಟವರಿಗೆ ಈ ಲೋಕದಲ್ಲೇ ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ ನೂರರಷ್ಟು ಸಿಗುತ್ತದೆ ಅಂದರು. ಹಿಂಸೆಯೂ ಜೊತೆಗೇ ಬರುತ್ತದೆ ಅಂತಲೂ ಅಂದರು. ಇದು ಹೇಗೆ ನಡೆಯುತ್ತದೆ ಅಂತ ನಮ್ಮ ನಾಡಿನಲ್ಲೇ ನೋಡಬಹುದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾದ ಎಷ್ಟೋ ಜನರಿಗೆ ಮನೆ, ಕುಲ, ಕಸುಬು ಎಲ್ಲಾ ಕೈತಪ್ಪಿತು. ಅವರ ಹೊಟ್ಟೆಪಾಡಿಗೆ ಮಿಷನ್ ಮಗ್ಗ ಹಾಕಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದರಲ್ಲಿ ವ್ಯಾಪಾರವೂ ಇತ್ತು, ನಿಜ. ಆದರೂ ಮನೆ ಕಳಕೊಂಡವರಿಗೆ ಕೆಲಸ, ಪಕ್ಕದಲ್ಲಿ ವಿಶ್ವಾಸಿಗಳ ಮನೆ ಸಿಕ್ಕಿತಲ್ಲ, ಅದನ್ನು ನಾನು ಆಶೀರ್ವಾದ ಅಂತಲೇ ಕರೆಯುತ್ತೇನೆ. ಇಂಥದ್ದು ಜಾಸ್ತಿ ಪಾಲು ಇನ್ನೊಬ್ಬರ ಕೈಯಿಂದಲೇ ಬರುತ್ತದೆ. ಆದ್ದರಿಂದ ಸಂಕೋಚ ಬಿಟ್ಟು ನಿಮ್ಮ ಸಭೆಯ ಅಯ್ಯನವರಿಗೆ (ಪಾಸ್ಟರಿಗೆ) ಹೇಳಿ: ವಾರಕ್ಕೆ ಎರಡು ರಾತ್ರಿ ಯಾರಾದರೂ ಬಂದು ಯಜಮಾನರನ್ನು ಮಗ್ಗುಲು ತಿರುಗಿಸಲಿ, ನೀವು ಕಣ್ಣು ಮುಚ್ಚಿ ನಿದ್ದೆ ಮಾಡಿ. ಇದನ್ನು ಮಾಡದ ಸಭೆ, ನಿನ್ನ ರಾಜ್ಯವು ಬರಲಿ ಅಂತ ಪ್ರತಿ ಭಾನುವಾರ ಯಾಕೆ ಬೇಡಿಕೊಳ್ಳಬೇಕು?

ಗುಣವಾಗಲಿ ಅಂತ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ. ಯೇಸು ಗುಣಪಡಿಸಿದರು, ಇಂದೂ ಗುಣಪಡಿಸುತ್ತಾರೆ ಅಂತ ನಾನು ನಂಬುತ್ತೇನೆ. ಕಣ್ಣೀರು, ಮರಣ, ನೋವು ಒಂದೂ ಇಲ್ಲದ ದಿನ ಬರುತ್ತದೆ ಅಂತ ಪ್ರಕಟನೆ 21ರಲ್ಲಿ ಬರೆದಿದೆ. ಯಜಮಾನರು ಈಗಲೇ ಎದ್ದು ನಡೆಯಲಿ ಅಂತ ನಾವೂ ಇಲ್ಲಿ ಪ್ರಾರ್ಥಿಸುತ್ತೇವೆ.

ವಿಶೇಷ ಕಾಣಿಕೆಗೆ ಅಂತ ಸಾಲ ಮಾಡಬೇಡಿ. ಔಷಧಿ ದುಡ್ಡನ್ನು ಮುಟ್ಟಲೇಬೇಡಿ. ತಂದೆತಾಯಿಗೆ ಕೊಡಬೇಕಾದ್ದನ್ನು ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಮಾರ್ಕ 7ರಲ್ಲಿ ಗದರಿಸಿದ್ದಾರೆ.

ಸಾಕ್ಷಿಗೆ ಕರೆದರೆ ಎದ್ದು ನಿಲ್ಲಿ. ಎರಡು ವರ್ಷ ಗಂಡನಿಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯಿಸಿ, ಇನ್ನೂ ದೇವರನ್ನು ಅಪ್ಪಾ ಅಂತ ಕರೆಯುತ್ತಿದ್ದೇನೆ ಅಂತ ಹೇಳಿ. ಆ ಕೂಟದಲ್ಲಿ ಈ ಮಾತಿಗೆ ಕಾದು ಕೂತವರು ಇನ್ನೂ ಯಾರೋ ಇದ್ದಾರೆ.