ಮನೆ-ಮೀಟರ್ ಪ್ರಶ್ನೋತ್ತರ: ಹೊಸ ಹೀಟ್ ಪಂಪ್ ತಗೊಳ್ಳೋ ಮುಂಚೆ ಹಳೇದರ ಗಾಳಿಗೆ ಕೈ ಒಡ್ಡಿ ನೋಡಿ

ಪ್ರಶ್ನೆ: ಸಾರ್ ನಮಸ್ಕಾರ. ನಾವು ಮೂಡಿಗೆರೆ ಹತ್ರದ ಹಳ್ಳಿಯವ್ರು, ಮನೇಲಿ ಅತ್ತೆ ಮಾವ ಸೇರಿ ಐದು ಜನ. ಸ್ನಾನದ ನೀರಿಗೆ ಅಂತ ಒಂಬತ್ತು ವರ್ಷದ ಹಿಂದೆ 200 ಲೀಟರ್ ಹೀಟ್ ಪಂಪ್ ಹಾಕ್ಸಿದ್ವಿ, ಚೆನ್ನಾಗೇ ಇತ್ತು. ಈಗ ಮೂರು ತಿಂಗಳಿಂದ 145 ಯೂನಿಟ್ ಬರ್ತಿದ್ದ ಬಿಲ್ 285 ಆಗಿದೆ. 200 ದಾಟಿದ್ದಕ್ಕೆ ಗೃಹಜ್ಯೋತಿ ಸಿಗ್ತಿಲ್ಲ, ಪೂರ್ತಿ ದುಡ್ಡು ಕಟ್ತಾ ಇದೀವಿ. ನೀರೇನೋ ಬಿಸಿಯಾಗೇ ಬರುತ್ತೆ. ಅಂಗಡಿಯವ್ರು 300 ಲೀಟರಿಂದು ತಗೊಳ್ಳಿ, ಸಿಓಪಿ 4.5 ಇದೆ ಅಂತಾರೆ. ನಮ್ಮನೆಯವ್ರು ಇದ್ಯಾವ್ದೂ ಬೇಡ, ಗೀಸರ್ ಹಾಕ್ಸಿ ಮುಗ್ಸೋಣ ಅಂತಾರೆ. ಏನ್ ಮಾಡ್ಲಿ?

ಉತ್ತರ: ಅಮ್ಮಾ, ನೀವು ಎರಡೂ ಬಿಲ್ಲಿನ ಯೂನಿಟ್ ಬರೆದು ಕಳ್ಸಿದ್ದು ತುಂಬಾ ಒಳ್ಳೇದಾಯ್ತು, ರೋಗ ಅದರಲ್ಲೇ ಕಾಣ್ತಾ ಇದೆ. 200 ಲೀಟರ್ ನೀರನ್ನ 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯ್ಸೋಕೆ ಹೆಚ್ಚುಕಮ್ಮಿ 7 ಯೂನಿಟ್ ಶಾಖ ಬೇಕು. ಗೀಸರ್ ಆದ್ರೆ ಆ ಏಳೂ ಯೂನಿಟ್ ಕರೆಂಟಿಂದಲೇ ಬರ್ಬೇಕು, ತಿಂಗಳಿಗೆ 210. ಹೀಟ್ ಪಂಪ್ ಹಾಗಲ್ಲ, ಫ್ರಿಜ್ ಒಳಗಿನ ಶಾಖ ಎಳೆದು ಹಿಂದೆ ಬಿಡುತ್ತಲ್ಲ, ಅದೇ ಥರ ಹೊರಗಿನ ಗಾಳೀಲಿರೋ ಶಾಖ ಎಳೆದು ನೀರಿಗೆ ಕೊಡುತ್ತೆ, ಹಾಗಾಗಿ ಒಂದು ಯೂನಿಟ್ ತಿಂದು ಮೂರು ಯೂನಿಟ್ ಶಾಖ ಕೊಡುತ್ತೆ, ತಿಂಗಳಿಗೆ 70 ಸಾಕು. ಈಗ 210ರಲ್ಲಿ 70 ಕಳೀರಿ. 140. ನಿಮ್ಮ ಬಿಲ್ ಏರಿರೋದೂ ಅಷ್ಟೇ ಅಲ್ವಾ?

ಅಂದ್ರೆ ನಿಮ್ಮ ಹೀಟ್ ಪಂಪ್ ಮೂರು ತಿಂಗಳಿಂದ ಹೀಟ್ ಪಂಪಾಗಿ ಕೆಲಸ ಮಾಡ್ತಿಲ್ಲ ಅನ್ಸುತ್ತೆ. ಟ್ಯಾಂಕ್ ಒಳಗೆ ಬ್ಯಾಕಪ್‌ಗೆ ಅಂತ ಗೀಸರಲ್ಲಿರೋ ಥರದ್ದೇ ಒಂದು ಕರೆಂಟ್ ಕಾಯಿಲ್ ಇರುತ್ತೆ, ಕಂಪ್ರೆಸರ್ ನಿಂತುಹೋದ್ರೆ ಅದೊಂದೇ ನೀರು ಕಾಯ್ಸುತ್ತೆ, ಮನೆಯವರಿಗೆ ನೀರು ಬಿಸಿ ಬರ್ತಾನೇ ಇರೋದ್ರಿಂದ ಗೊತ್ತೇ ಆಗಲ್ಲ. ಪರೀಕ್ಷೆ ಸುಲಭ, ಮಿಷನ್ ನೀರು ಕಾಯ್ಸೋವಾಗ ಫ್ಯಾನಿಂದ ಗಾಳಿ ಬರೋ ಕಡೆ ಕೈ ಒಡ್ಡಿ, ಆ ಗಾಳಿ ಸುತ್ತಲಿನ ಗಾಳಿಗಿಂತ ಚೆನ್ನಾಗಿ ತಣ್ಣಗಿರ್ಬೇಕು, ಮಳೆಗಾಲದಲ್ಲಾದ್ರೆ ಕೆಳಗಿನ ಪೈಪಿಂದ ನೀರೂ ತೊಟ್ಟಿಕ್ತಿರ್ಬೇಕು. ಫ್ಯಾನೇ ತಿರುಗ್ತಿಲ್ಲ, ಇಲ್ಲಾ ಗಾಳಿ ತಣ್ಣಗಿಲ್ಲ ಅಂದ್ರೆ ಅಲ್ಲೇ ಸಮಸ್ಯೆ. ಎಲೆಕ್ಟ್ರಿಷಿಯನ್ ಹತ್ರ ವೈರಲ್ಲಿ ಎಷ್ಟು ಕರೆಂಟ್ ಹರೀತಿದೆ ಅಂತ ಅಳೆಯೋ ಕ್ಲ್ಯಾಂಪ್ ಮೀಟರ್ ಇರುತ್ತೆ, ಹಾಕ್ಸಿ ನೋಡಿ. ಕಂಪ್ರೆಸರ್ ಓಡ್ತಿದ್ರೆ ಈ ಸೈಜಿನದಕ್ಕೆ 3-4 ಆಂಪ್ ತೋರ್ಸುತ್ತೆ, 2 ಕಿಲೋವ್ಯಾಟ್ ಕಾಯಿಲ್ ಓಡ್ತಿದ್ರೆ 9ರ ಹತ್ರ.

ಕಂಪ್ರೆಸರ್ ನಿಂತಿದೆ ಅಂತಾದ್ರೂ ತಕ್ಷಣ ಹೊಸದಕ್ಕೆ ಓಡ್ಬೇಡಿ. ಬರೀ ಕೆಪಾಸಿಟರೋ ರಿಲೇನೋ ಹೋಗಿದ್ರೆ ಸಣ್ಣ ಖರ್ಚಲ್ಲಿ ಮುಗಿಯುತ್ತೆ. ಇನ್ನೊಂದು, ಬಾಳೆಹೊನ್ನೂರು ಕಡೆ ಒಂದು ಮನೇಲಿ ನೋಡಿದ್ದೆ, ಮಿಷನ್ನನ್ನ ಬಚ್ಚಲೊಲೆ ಹೊಗೆ ಹೋಗೋ ಕಿಂಡಿ ಪಕ್ಕದಲ್ಲೇ ಗೋಡೆಗೆ ಕೂರ್ಸಿದ್ರು. ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಮಸಿ ಜಿಗುಟಾಗಿ ಮೆತ್ಕೊಂಡಿತ್ತು, ಉಗುರಲ್ಲಿ ಕೆರೆದ್ರೆ ಡಾಂಬರಿನ ಥರ ಸುರುಳಿ ಬರ್ತಿತ್ತು. ಅಲ್ಲಿ ಗಾಳಿ ಹೋಗೋದಾದ್ರೂ ಹೇಗೆ? ತೊಳ್ಸಿ ಜಾಗ ಬದಲಾಯ್ಸಿದ್ಮೇಲೆ ಸರಿಹೋಯ್ತು. ನಿಮ್ಮದನ್ನೂ ನೋಡಿ, ಕಾಫಿ ಕಣದ ಪಕ್ಕ ಇದ್ರೆ ಹೊಟ್ಟು ಧೂಳು ಕೂತಿರುತ್ತೆ.

ಆದ್ರೆ ಕಂಪ್ರೆಸರ್ರೇ ಸುಟ್ಟಿದ್ರೆ, ಜೊತೆಗೆ ಟ್ಯಾಂಕ್ ತಳದಲ್ಲಿ ತುಕ್ಕು ನೀರು ಇಳೀತಿದ್ರೆ, ಒಂಬತ್ತು ವರ್ಷದ ಮಿಷನ್ನಿಗೆ ದುಡ್ಡು ಸುರೀಬೇಡಿ, ಹೊಸದೇ ತಗೊಳ್ಳಿ. ಗೀಸರ್ ಅಂತೂ ಬೇಡ, ನಿಮ್ಮ ಯಜಮಾನ್ರಿಗೆ ಹೇಳಿ, ಈಗ ಬರ್ತಿರೋ 285 ಯೂನಿಟ್ ಬಿಲ್ಲೇ ಗೀಸರ್ ಬಿಲ್ಲು ಅಂತ. ಗೀಸರ್ ಮೇಲಿನ ಸ್ಟಾರ್ ನೋಡಿ ಜನ ಮೋಸ ಹೋಗ್ತಾರೆ, ಆ ಸ್ಟಾರ್ ಹೇಳೋದು ಟ್ಯಾಂಕಲ್ಲಿ ನಿಂತ ನೀರು ಎಷ್ಟು ಬೇಗ ತಣ್ಣಗಾಗುತ್ತೆ ಅಂತ ಮಾತ್ರ, ಕಾಯ್ಸೋಕೆ ಎಲ್ಲಾ ಗೀಸರೂ ಒಂದೇ ಥರ ಕರೆಂಟ್ ತಿನ್ನುತ್ತೆ.

300 ಲೀಟರೂ ಬೇಡ. ತಲೆಗೆ 40 ಲೀಟರ್ ಅಂದ್ರೂ ಐದು ಜನಕ್ಕೆ 200 ಸಾಕು. ದೀಪಾವಳಿಗೆ ಎಲ್ಲಾ ಊರಿಗೆ ಬರ್ತಾರೆ ಅಂತೀರಾ? ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು ತುಂಬ್ಸೇ ತುಂಬ್ಸ್ತೀರಿ, ಮಾರನೇ ಬೆಳಗಿನ ಎಣ್ಣೆಸ್ನಾನಕ್ಕೆ ಒಲೆ ಹಚ್ಚಿದ್ರಾಯ್ತು. ಮೂರು ದಿನದ ನೆಂಟರಿಗೋಸ್ಕರ ವರ್ಷವಿಡೀ 100 ಲೀಟರ್ ಜಾಸ್ತಿ ನೀರು ಬಿಸಿ ಇಟ್ಕೊಳ್ಳೋದು ಯಾಕೆ.

ಸಿಓಪಿ 4.5 ಅಂದ್ರೆ ಒಂದು ಯೂನಿಟ್ಟಿಗೆ ನಾಲ್ಕೂವರೆ ಯೂನಿಟ್ ಶಾಖ ಅಂತ. ಯಾವ ಗಾಳಿಗೆ, ಎಷ್ಟು ಡಿಗ್ರಿ ನೀರಿಗೆ ಅಂತ ಅಂಗಡಿಯವರನ್ನ ಕೇಳ್ಲೇಬೇಕು. ಬಿಸಿಲೂರಿನ ಗಾಳೀಲಿ ಅಳೆದ ನಂಬರ್ರು ನಮ್ಮ ಜನವರಿ ಬೆಳಗಿನ 14-15 ಡಿಗ್ರಿ ಚಳೀಲಿ ಬರಲ್ಲ. ಗಾಳಿ ತಣ್ಣಗಾದಷ್ಟೂ ನೀರು ಜಾಸ್ತಿ ಬಿಸಿ ಕೇಳಿದಷ್ಟೂ ಸಿಓಪಿ ಇಳಿಯುತ್ತೆ. ಅದಕ್ಕೆ ನಾನು ಎಲ್ಲರಿಗೂ ಹೇಳೋದು, ಟೈಮರ್ ಇರೋದೇ ತಗೊಂಡು ಮಧ್ಯಾಹ್ನ 1ರಿಂದ 4ರವರೆಗೆ ಓಡ್ಸಿ. ಆಗ ಗಾಳಿ ಬೆಚ್ಚಗಿರುತ್ತೆ, ಶಾಖ ಹೊರಗೆ ಹೋಗದ ಹಾಗೆ ಸುತ್ತಲೂ ಒಳ್ಳೇ ಪಫ್ (ಫೋಮ್) ತುಂಬಿರೋ ಟ್ಯಾಂಕಲ್ಲಿ ಬೆಳಗ್ಗೆವರೆಗೆ ನೀರು ಕೆಲವೇ ಡಿಗ್ರಿ ಇಳಿಯುತ್ತೆ. 50 ಡಿಗ್ರಿಗೆ ಇಡಿ, ವಾರಕ್ಕೊಂದ್ಸಲ 60ಕ್ಕೆ ಏರ್ಸಿ, ನಿಂತ ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾ ಬೆಳೀಬಾರ್ದು ಅಂತ. ಮಳೆಗಾಲದ ಬಗ್ಗೆ ಹೆದ್ರಬೇಡಿ, ಇದಕ್ಕೆ ಬಿಸಿಲು ಬೇಡ, ಗಾಳೀಲಿರೋ ತೇವ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ನೀರಾಗೋವಾಗಲೂ ಶಾಖ ಬಿಟ್ಕೊಡುತ್ತೆ.

ಮಿಷನ್ ಒಳಗೆ ಸುತ್ತುತ್ತಾ ಗಾಳಿಯ ಶಾಖ ನೀರಿಗೆ ಸಾಗ್ಸೋ ಗ್ಯಾಸ್ ಯಾವ್ದು ಅಂತನೂ ಕೇಳಿ. ಆರ್-22 ಹಳೇದು, ಓಝೋನ್ ಕೆಡ್ಸುತ್ತೆ ಅಂತ ಹಂತಹಂತವಾಗಿ ನಿಲ್ಲಿಸ್ತಿದಾರೆ, ಮುಂದೆ ರಿಪೇರಿಗೂ ಸಿಗೋದು ಕಷ್ಟ. ಭೂಮಿ ಬಿಸಿ ಮಾಡೋ ಶಕ್ತಿ ಆರ್-410ಎಗೆ 2,088, ಆರ್-32ಕ್ಕೆ 675, ಆರ್-290ಗೆ ಬರೀ 3. ಇಂಗಾಲದ ಡೈಆಕ್ಸೈಡನ್ನ 1 ಅಂತ ಇಟ್ಕೊಂಡ ಲೆಕ್ಕ ಇದು. ಆರ್-290 ಅಂದ್ರೆ ಪ್ರೊಪೇನ್, ಬೆಂಕಿ ಹತ್ಕೊಳ್ಳೋ ಗ್ಯಾಸು, ಅಂಥದ್ದನ್ನ ಹೊರಗೆ ಸೂರಿನ ಕೆಳಗೆ, ಒಲೆಯಿಂದ ದೂರ ಇಡ್ಬೇಕು. ಸಾಯಂಕಾಲ ವೋಲ್ಟೇಜ್ ಬಿದ್ದುಹೋಗೋ ಲೈನಾದ್ರೆ ಸ್ಟೆಬಿಲೈಸರ್ ಬೇಕೇ ಬೇಕು, ಅರ್ತಿಂಗೂ ನೋಡ್ಸಿ, ನಮ್ಮ ಕಡೆ ಗುಡುಗು ಮಿಂಚು ಎಂಥದ್ದು ಅಂತ ನಿಮಗೇ ಗೊತ್ತಲ್ಲ.

ಪ್ರಶ್ನೆ: ನಮ್ದು ಅರಸೀಕೆರೆ ಸಾರ್, ಬೋರ್‌ವೆಲ್ ನೀರು, ಪಾತ್ರೆ ಎಲ್ಲಾ ಬಿಳಿ ಕಟ್ಟುತ್ತೆ. ನಾವೂ ಹೀಟ್ ಪಂಪ್ ಬದಲಾಯ್ಸಬೇಕು, ಟ್ಯಾಂಕ್ ಯಾವ್ದು ತಗೊಳ್ಳೋದು?

ಉತ್ತರ: ಗ್ಯಾಸಿನ ಶಾಖ ನೀರಿಗೆ ಕೊಡೋ ಕಾಯಿಲ್ ನೀರೊಳಗೆ ಮುಳುಗಿರೋದು ಬೇಡ, ಅದರ ಮೇಲೆ ಸುಣ್ಣ ಕಟ್ಟಿ ಶಾಖ ದಾಟದೇ ಹೋಗುತ್ತೆ. ಟ್ಯಾಂಕಿನ ಹೊರಗೆ ಸುತ್ತಿರೋದು ಕೇಳಿ ತಗೊಳ್ಳಿ. ನೀರಲ್ಲಿ ಉಪ್ಪಿನಂಶ ಜಾಸ್ತಿ ಇದ್ರೆ 304 ಸ್ಟೀಲ್ ತೂತು ಬೀಳುತ್ತೆ, 316 ಸ್ಟೀಲ್ ಇಲ್ಲಾ ಒಳಗೆ ಗಾಜಿನ ಲೇಪ ಇರೋದು ವಾಸಿ. ಗಾಜಿನ ಲೇಪದ್ದಕ್ಕೆ ಒಂದು ಮೆಗ್ನೀಷಿಯಂ ರಾಡ್ ಹಾಕಿರ್ತಾರೆ, ಟ್ಯಾಂಕಿನ ಬದಲು ಅದು ಸವೆದುಹೋಗ್ಲಿ ಅಂತ. ವರ್ಷಕ್ಕೊಂದ್ಸಲ ಬಿಚ್ಚಿ ನೋಡ್ಸಿ, ತೆಳ್ಳಗಾಗಿ ಒಳಗಿನ ತಂತಿ ಕಾಣ್ತಿದ್ರೆ ಹೊಸದು ಹಾಕ್ಸಿ. ಕೆಳಗಿನ ಡ್ರೈನ್ ವಾಲ್ವ್‌ನಿಂದ ಆಗಾಗ ಎರಡು ಬಕೆಟ್ ನೀರು ಬಿಟ್ರೆ ತಳದ ಪುಡಿಯೂ ಹೊರಗೆ ಬರುತ್ತೆ.

ಪ್ರಶ್ನೆ: ಕೊಪ್ಪದವ್ರು ನಾವು. ಹೀಟ್ ಪಂಪ್ ತಗೊಂಡ್ರೆ ಮೇಲಿರೋ ಸೋಲಾರ್ ತೆಗ್ದುಬಿಡ್ಲಾ?

ಉತ್ತರ: ತೆಗೀಬೇಡಿ. ಬಿಸಿಲಿದ್ದಾಗ ಅದು ಬಿಟ್ಟಿ ಬಿಸಿನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಟ್ ಪಂಪ್ ಓಡ್ಸಿ, ಉಳಿದಾಗ ಸ್ವಿಚ್ ಆಫ್ ಮಾಡಿಡಿ. ನಡುವೆ ಒಂದು ವಾಲ್ವ್ ಹಾಕ್ಸೋದು ಪ್ಲಂಬರಿಗೆ ಅರ್ಧ ದಿನದ ಕೆಲಸ.