ಅತಿ ಹೆಚ್ಚು ಜೀವ ತೆಗೆದ ಟಾರ್ನೆಡೊ ಅಮೆರಿಕದ್ದಲ್ಲ

ನೀವು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ: ಜಗತ್ತಿನ ಅತಿ ಭೀಕರ ಟಾರ್ನೆಡೊ (ಗುಡುಗುಮೋಡದಿಂದ ನೆಲಕ್ಕಿಳಿಯುವ ಭಾರಿ ಸುಂಟರಗಾಳಿ) ಯಾವುದು, ಅದು ಅಮೆರಿಕದಲ್ಲಿ ಮಾತ್ರ ಯಾಕೆ ಬರುತ್ತದೆ, ಇಷ್ಟೆಲ್ಲ ಆದರೂ ಅಲ್ಲಿಯ ಜನ ಮರದ ಮನೆಯಲ್ಲೇ ಯಾಕೆ ಇರುತ್ತಾರೆ. ನಾನು ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಇರುವವನು, ಕಟ್ಟಡ ವಿನ್ಯಾಸ ನನ್ನ ಕೆಲಸ. ಊರಿಗೆ ಫೋನ್ ಮಾಡಿದಾಗಲೆಲ್ಲ ಮೂರನೆಯ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಮೊದಲನೆಯದನ್ನು ಮಾತ್ರ ಯಾರೂ ಕೇಳುವುದಿಲ್ಲ, ಅಮೆರಿಕವೇ ಅದರ ಉತ್ತರ ಇರಬೇಕು ಎಂದುಕೊಂಡಿರುತ್ತಾರೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1989ರ ಏಪ್ರಿಲ್ 26, ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆ. ಢಾಕಾದ ಪಶ್ಚಿಮಕ್ಕೆ, ಪದ್ಮಾ ಮತ್ತು ಜಮುನಾ ನದಿಗಳು ಕೂಡುವ ಜಾಗಕ್ಕೆ ಹತ್ತಿರದ ಬಯಲು. ತಿಂಗಳುಗಟ್ಟಲೆ ಮಳೆಯಿಲ್ಲದೆ ನೆಲ ಒಣಗಿತ್ತು, ಜನ ಮಳೆಗೆ ಕಾದಿದ್ದರು. ಸಂಜೆಯ ಹೊತ್ತಿಗೆ ದೌಲತ್‌ಪುರದ ಕಡೆ ಎದ್ದ ಸುಂಟರಗಾಳಿ ಪೂರ್ವಕ್ಕೆ ಸರಿದು ಸಾಟೂರಿಯಾ ಪಟ್ಟಣವನ್ನು ಸವರಿಕೊಂಡು ಹೋಯಿತು. ಸತ್ತವರು ಸುಮಾರು 1,300. ಗಾಯಗೊಂಡವರು 12,000. ಮನೆ ಕಳೆದುಕೊಂಡವರು 80,000ದಷ್ಟು. ದಾಖಲೆಯಲ್ಲಿರುವ ಯಾವ ಟಾರ್ನೆಡೊ ಕೂಡ ಇಷ್ಟು ಜನರನ್ನು ಕೊಂದಿಲ್ಲ. ಆದರೂ ಟಾರ್ನೆಡೊಗೆ ಸಿಕ್ಕಿದ ಅಮೆರಿಕದ ಜಾಪ್ಲಿನ್, ಮೂರ್ ಊರುಗಳ ಹೆಸರು ಕೇಳಿದವರು ಸಾಟೂರಿಯಾ ಹೆಸರು ಕೇಳಿರುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ. ಕೋಲ್ಕತ್ತದಿಂದ ಮುನ್ನೂರು ಕಿಲೋಮೀಟರ್ ಕೂಡ ಇಲ್ಲದ ಊರು ಅದು.

ಅಲ್ಲಿ ಅಷ್ಟು ಜನ ಸತ್ತಿದ್ದು ಗಾಳಿ ಅಮೆರಿಕದ ಗಾಳಿಗಿಂತ ಜೋರಾಗಿತ್ತು ಎಂದಲ್ಲ. ಮನೆಗಳು ಬಿದಿರು, ಮಣ್ಣು, ತಗಡಿನವು. ಒಂದು ಚದರ ಕಿಲೋಮೀಟರಿಗೆ ನೂರಾರು ಜನ. ಸೈರನ್ ಇಲ್ಲ, ಇನ್ನು ಕೆಲವೇ ನಿಮಿಷದಲ್ಲಿ ಬರುತ್ತದೆ ಎಂದು ಹೇಳುವವರೂ ಇಲ್ಲ. ಗಾಳಿ ಎತ್ತಿ ಬೀಸಿದ ತಗಡಿನ ಹಾಳೆ ಕತ್ತಿಯೇ ಆಗಿಬಿಡುತ್ತದೆ. ಟಾರ್ನೆಡೊದಲ್ಲಿ ಜನರನ್ನು ಕೊಲ್ಲುವುದು ಬಹುಮಟ್ಟಿಗೆ ಬರೀ ಗಾಳಿಯಲ್ಲ, ಗಾಳಿ ಹೊತ್ತು ತರುವ ವಸ್ತು ಮತ್ತು ಮೈಮೇಲೆ ಕುಸಿಯುವ ಗೋಡೆ. ಅದೇ ನೆಲದಲ್ಲಿ 1969ರ ಏಪ್ರಿಲ್ 14ರಂದು ಢಾಕಾ ಪಕ್ಕದ ಡೆಮ್ರಾದಲ್ಲಿ ನೂರಾರು ಜನ ಸತ್ತಿದ್ದರು. 1996ರ ಮೇ 13ರಂದು ಜಮಾಲ್‌ಪುರ, ಟಾಂಗೈಲ್ ಜಿಲ್ಲೆಗಳಲ್ಲಿ ಸುಮಾರು 700 ಜನ.

ಅಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ಅದು ಅಮೆರಿಕದಲ್ಲಿ ಮಾತ್ರ ಬರುವುದಲ್ಲ. ಟಾರ್ನೆಡೊಗಳ ಸಂಖ್ಯೆಯಲ್ಲಿ ಮಾತ್ರ ಅಮೆರಿಕವೇ ಮುಂದೆ, ವರ್ಷಕ್ಕೆ ಸುಮಾರು 1,200. ಮೆಕ್ಸಿಕೊ ಕೊಲ್ಲಿಯಿಂದ ನೆಲಮಟ್ಟದಲ್ಲಿ ತೇವದ ಬಿಸಿಗಾಳಿ ಬರುತ್ತದೆ, ಅದರ ಮೇಲೆ ಪಶ್ಚಿಮದ ಒಣ ಪ್ರಸ್ಥಭೂಮಿಯ ಗಾಳಿ ಹರಡಿಕೊಳ್ಳುತ್ತದೆ, ಇನ್ನೂ ಮೇಲೆ ಜೆಟ್ ಸ್ಟ್ರೀಮ್ ಎಂಬ ಎತ್ತರದ ಗಾಳಿಪ್ರವಾಹ ರಭಸವಾಗಿ ಹರಿಯುತ್ತದೆ. ನೆಲದಲ್ಲಿ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು, ಬೇರೆ ವೇಗ. ಈ ವ್ಯತ್ಯಾಸದಿಂದ ಗುಡುಗುಮೋಡದ ಒಳಗಿನ ಮೇಲ್ಮುಖ ಗಾಳಿ ಇಡಿಯಾಗಿ ತಿರುಗತೊಡಗುತ್ತದೆ. ಹಾಗೆ ತಿರುಗುವ ಮೋಡವನ್ನು ಸೂಪರ್‌ಸೆಲ್ ಎನ್ನುತ್ತಾರೆ. ಅವುಗಳಲ್ಲಿ ಕೆಲವು ಮಾತ್ರ ಟಾರ್ನೆಡೊ ಇಳಿಸುತ್ತವೆ, ಯಾವುದು ಇಳಿಸುತ್ತದೆ ಎಂದು ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ.

ಬಂಗಾಳದಲ್ಲೂ ಇದೇ ಜೋಡಣೆ. ಬಂಗಾಳ ಕೊಲ್ಲಿಯ ತೇವ ಕೆಳಗೆ, ಉತ್ತರ ಭಾರತದ ಕಾದ ಒಣಗಾಳಿ ಮೇಲೆ, ಹಿಮಾಲಯದ ದಕ್ಷಿಣಕ್ಕೆ ಇನ್ನೂ ಉಳಿದಿರುವ ಜೆಟ್ ಸ್ಟ್ರೀಮ್ ಅದಕ್ಕೂ ಮೇಲೆ. ಮಾರ್ಚ್‌ನಿಂದ ಮೇವರೆಗೆ ಬರುವ ಕಾಲಬೈಶಾಖಿ ಬಿರುಮಳೆಗಳಲ್ಲಿ ಕೆಲವು ಸುಂಟರಗಾಳಿಯಾಗುವುದು ಹೀಗೆ. 1998ರ ಮಾರ್ಚ್ 24ರಂದು ಪಶ್ಚಿಮ ಬಂಗಾಳ ಮತ್ತು ಒಡಿಶಾ ಗಡಿಯ ದಾಂತನ್ ಸುತ್ತ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಮಾರ್ಚ್ 31ರಂದು ಜಲ್‌ಪಾಯ್‌ಗುರಿಯ ಮೈನಾಗುರಿಯಲ್ಲಿ ಕೆಲವೇ ನಿಮಿಷಗಳಲ್ಲಿ ನೂರಾರು ಮನೆ ಹೋದವು. ಚೀನಾದ ಯಾನ್‌ಚೆಂಗ್‌ನಲ್ಲಿ 2016ರ ಜೂನ್ 23ರಂದು ಸತ್ತವರು ನೂರಕ್ಕೆ ಹತ್ತಿರ. ಯುರೋಪಿನಲ್ಲೂ ಉಂಟು, 2021ರ ಜೂನ್‌ನಲ್ಲಿ ಜೆಕ್ ದೇಶದ ದಕ್ಷಿಣ ಮೊರಾವಿಯದ ಹಳ್ಳಿಗಳು ನೆಲ ಕಚ್ಚಿದವು.

ಕರ್ನಾಟಕದಲ್ಲಿ ಏಪ್ರಿಲ್, ಮೇನಲ್ಲಿ ಗುಡುಗು, ಸಿಡಿಲು, ಆಲಿಕಲ್ಲು ಎಲ್ಲ ಇದ್ದೂ ಈ ಮಟ್ಟದ್ದು ಬರುವುದಿಲ್ಲ. ನಮ್ಮ ತಲೆಯ ಮೇಲೆ ಆ ಕಾಲದಲ್ಲಿ ಅಂಥ ಬಲವಾದ ಎತ್ತರದ ಗಾಳಿ ಇರುವುದಿಲ್ಲ, ಮೋಡ ಬೆಳೆದರೂ ತಿರುಗುವುದಿಲ್ಲ. ಒಡಿಶಾ, ಆಂಧ್ರಕ್ಕೆ ಬರುವ ಚಂಡಮಾರುತವನ್ನು ಇದರ ಜೊತೆ ಬೆರೆಸಬೇಡಿ. ಅದು ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಮೊದಲೇ ಉಪಗ್ರಹದಲ್ಲಿ ಕಾಣುತ್ತದೆ, ಊರು ಖಾಲಿ ಮಾಡಿಸಬಹುದು. ಟಾರ್ನೆಡೊ ಸಾಮಾನ್ಯವಾಗಿ ಒಂದು ಕಿಲೋಮೀಟರೂ ಅಗಲವಿರುವುದಿಲ್ಲ. ಅಮೆರಿಕದಲ್ಲಿ ಎಚ್ಚರಿಕೆಗೂ ಗಾಳಿಗೂ ನಡುವೆ ಸಿಗುವುದು ಸರಾಸರಿ ಹತ್ತು, ಹದಿನೈದು ನಿಮಿಷ.

ಆ ಹತ್ತು ನಿಮಿಷವೂ ಇಲ್ಲದಿದ್ದ ಕಾಲದಲ್ಲಿ ಅಮೆರಿಕವೂ ಬಾಂಗ್ಲಾದೇಶದ ಹಾಗೆಯೇ ಇತ್ತು. 1925ರ ಮಾರ್ಚ್ 18ರ ಮಧ್ಯಾಹ್ನ ಮಿಸೌರಿ ರಾಜ್ಯದಲ್ಲಿ ಇಳಿದ ಟಾರ್ನೆಡೊ ಇಲಿನಾಯ್ ದಾಟಿ ಇಂಡಿಯಾನಾದಲ್ಲಿ ನಿಂತಿತು: ಮೂರೂವರೆ ಗಂಟೆ, ಸುಮಾರು 350 ಕಿಲೋಮೀಟರ್, 695 ಸಾವು. ಮರ್ಫಿಸ್‌ಬರೊ ಎಂಬ ಒಂದೇ ಊರಿನಲ್ಲಿ 234 ಜನ. ಡಿಸೋಟೊ ಎಂಬ ಸಣ್ಣ ಊರಿನ ಶಾಲೆ ಕುಸಿದು 33 ಮಕ್ಕಳು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದ ಅದು ಚಿತ್ರಗಳಲ್ಲಿ ಕಾಣುವ ಆಲಿಕೆಯ ಆಕಾರದಲ್ಲಿ ಇರಲಿಲ್ಲ. ನೆಲಕ್ಕೆ ತಗುಲಿ ಉರುಳಿಬರುವ ಕಪ್ಪು ಮಂಜಿನಂತಿದ್ದುದರಿಂದ ಎಷ್ಟೋ ಜನರಿಗೆ ಮೈಮೇಲೆ ಬರುವವರೆಗೂ ಏನೆಂದೇ ತಿಳಿಯಲಿಲ್ಲ. ಮುನ್ಸೂಚನೆಯಲ್ಲಿ ‘ಟಾರ್ನೆಡೊ’ ಎಂಬ ಪದವನ್ನೇ ಬಳಸಕೂಡದು, ಜನ ಗಾಬರಿಯಾಗುತ್ತಾರೆ ಎಂಬುದು ಆಗ ಹವಾಮಾನ ಇಲಾಖೆಯ ನೀತಿಯಾಗಿತ್ತು. ಒಂದು ಊರು ಹೋದ ಮೇಲೂ ಮುಂದಿನ ಊರಿಗೆ ಸುದ್ದಿ ಮುಟ್ಟಲಿಲ್ಲ.

ಈ ನೀತಿ ಬದಲಾಗಲು ಮುಖ್ಯ ಕಾರಣ ನಾನಿರುವ ಕಡೆಯದೇ ಒಂದು ಘಟನೆ. 1948ರ ಮಾರ್ಚ್ 20ರಂದು ಓಕ್ಲಹೋಮ ಸಿಟಿ ಪಕ್ಕದ ಟಿಂಕರ್ ವಾಯುನೆಲೆಗೆ ಟಾರ್ನೆಡೊ ನುಗ್ಗಿ ಸಾಲುಸಾಲು ವಿಮಾನಗಳನ್ನು ಪುಡಿ ಮಾಡಿತು. ಇದನ್ನು ಮೊದಲೇ ಹೇಳಲು ಆಗುತ್ತದೆಯೇ ನೋಡಿ ಎಂದು ಅಲ್ಲಿಯ ಹವಾಮಾನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಅವರಿಗೆ ಆದೇಶವಾಯಿತು. ಐದೇ ದಿನದಲ್ಲಿ, ಮಾರ್ಚ್ 25ರಂದು, ನಕಾಶೆಯಲ್ಲಿ ಅದೇ ಲಕ್ಷಣಗಳು ಕಂಡವು. ಇಬ್ಬರೂ ಧೈರ್ಯ ಮಾಡಿ ಮುನ್ಸೂಚನೆ ಕೊಟ್ಟರು, ವಿಮಾನಗಳನ್ನು ಭದ್ರಪಡಿಸಿದರು, ಜನರನ್ನು ಸುರಕ್ಷಿತ ಜಾಗಕ್ಕೆ ಕಳಿಸಿದರು. ಸಂಜೆ ಟಾರ್ನೆಡೊ ಅದೇ ವಾಯುನೆಲೆಗೆ ಬಂತು! ಆಸ್ತಿ ಹೋಯಿತು, ಒಂದು ಜೀವವೂ ಹೋಗಲಿಲ್ಲ. ಇವತ್ತು ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮಲ್ಲಿ ಸೈರನ್ ಪರೀಕ್ಷೆ ಕೇಳುವಾಗ ನನಗೆ ಆ ಇಬ್ಬರ ನೆನಪಾಗುತ್ತದೆ.

ಹಾಗೆಂದು ಸೈರನ್ ಇದ್ದರೆ ಮುಗಿಯಲಿಲ್ಲ. 2011ರ ಮೇ 22, ಭಾನುವಾರ ಸಂಜೆ, ಮಿಸೌರಿಯ ಜಾಪ್ಲಿನ್. ಎಚ್ಚರಿಕೆ ಸಾಕಷ್ಟು ಮೊದಲೇ ಬಂದಿತ್ತು, ಸೈರನ್ ಎರಡು ಸಲ ಕೂಗಿತ್ತು. ಆದರೆ ಆಗಾಗ ಕೂಗಿ ಏನೂ ಆಗದ ಸೈರನ್ ಅದು. ತುಂಬ ಜನ ಹೊರಗೆ ಬಂದು ಆಕಾಶ ನೋಡಿದರು, ಟಿವಿ ಹಾಕಿದರು, ಖಾತ್ರಿಯಾಗಲಿ ಎಂದು ಕಾದರು. ಮಳೆಯ ಪರದೆಯ ಹಿಂದೆ ಅಡಗಿ ಬಂದ ಟಾರ್ನೆಡೊ ಸುಮಾರು 8,000 ಕಟ್ಟಡಗಳಿಗೆ ಹಾನಿ ಮಾಡಿತು, 161 ಜನ ಸತ್ತರು. ನೇರ ಹೊಡೆತಕ್ಕೆ ಸಿಕ್ಕಿದ ಆಸ್ಪತ್ರೆಯ ಕಾಂಕ್ರೀಟು, ಉಕ್ಕಿನ ಚೌಕಟ್ಟು ಬೀಳದೆ ನಿಂತಿತು, ಆದರೆ ಗಾಜು, ಛಾವಣಿಯ ಹೊದಿಕೆ, ವಿದ್ಯುತ್, ಜನರೇಟರ್ ಎಲ್ಲ ಹೋಗಿ ಒಳಗಿದ್ದ ರೋಗಿಗಳು ಸತ್ತರು. ಹೊರಗಿನಿಂದ ನೋಡಿದರೆ ‘ನಿಂತಿರುವ ಕಟ್ಟಡ’, ಕೊನೆಗೆ ಅದನ್ನು ಕೆಡವಲೇಬೇಕಾಯಿತು.

ಆಮೇಲೆ ಬಂದ ಇನ್ನೊಂದು ಪೆಟ್ಟು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಮಣ್ಣು, ಕಟ್ಟಿಗೆ ಚೂರುಗಳು ಆಳವಾಗಿ ಹೊಕ್ಕಿದ್ದ ಗಾಯಗಳಲ್ಲಿ ಮ್ಯೂಕರ್‌ಮೈಕೋಸಿಸ್ ಕಾಣಿಸಿಕೊಂಡಿತು. ಕೋವಿಡ್ ಎರಡನೇ ಅಲೆಯಲ್ಲಿ ನಾವೆಲ್ಲ ‘ಕಪ್ಪು ಶಿಲೀಂಧ್ರ’ ಎಂದು ಕೇಳಿ ನಡುಗಿದೆವಲ್ಲ, ಅದೇ ಬಗೆಯ ಸೋಂಕು. 13 ಜನರಿಗೆ ತಗುಲಿ ಐವರು ತೀರಿಕೊಂಡರು.

ಟಾರ್ನೆಡೊದ ಬಲ ಅಳೆಯುವ ಮಾಪಕದ ಬಗ್ಗೆ ಒಂದು ಮಾತು, ಯಾಕೆಂದರೆ ಸುದ್ದಿಯಲ್ಲಿ ಇಎಫ್-5 (ಮಾಪಕದ ಅತಿ ಮೇಲಿನ ಅಂಕ) ಎಂದ ಕೂಡಲೇ ಗಾಳಿಯ ವೇಗವನ್ನು ಯಂತ್ರವಿಟ್ಟು ಅಳೆದಿದ್ದಾರೆ ಎಂದು ತಿಳಿಯುತ್ತೇವೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಜಪಾನಿ ವಿಜ್ಞಾನಿ ಟೆಟ್ಸುಯಾ ಫುಜಿಟಾ 1971ರಲ್ಲಿ ಮಾಡಿದ್ದು ಹಾನಿ ನೋಡಿ ಗಾಳಿಯನ್ನು ಊಹಿಸುವ ಮಾಪಕ. ಯುವಕನಾಗಿದ್ದಾಗ ನಾಗಸಾಕಿ, ಹಿರೊಶಿಮಾಗಳಲ್ಲಿ ಮರಗಳು ಯಾವ ದಿಕ್ಕಿಗೆ ಮಲಗಿವೆ ಎಂದು ಪರಿಶೀಲಿಸಿದ್ದ ಕಣ್ಣು ಅವರದು. 2007ರಿಂದ ಅದರ ತಿದ್ದಿದ ರೂಪ, ಇಎಫ್ ಮಾಪಕ, ಅಮೆರಿಕದಲ್ಲಿ ಬಳಕೆಯಲ್ಲಿದೆ. ಮುರಿಯಲು ಏನೂ ಇಲ್ಲದಿದ್ದರೆ ಅಂಕ ಕಡಿಮೆ. 2013ರ ಮೇ 31ರಂದು ಓಕ್ಲಹೋಮದ ಎಲ್ ರಿನೊ ಬಳಿ ಇಳಿದದ್ದು 4.2 ಕಿಲೋಮೀಟರ್ ಅಗಲವಿತ್ತು, ದಾಖಲೆಯಲ್ಲೇ ಅತಿ ಅಗಲ. ರೇಡಾರ್ ಅದರಲ್ಲಿ ಗಂಟೆಗೆ 450 ಕಿಲೋಮೀಟರಿಗೂ ಮೀರಿದ ಗಾಳಿ ಕಂಡಿತು. ಹೆಚ್ಚಾಗಿ ಹೊಲಗಳ ಮೇಲೆ ಹೋದ ಕಾರಣ ಸಿಕ್ಕಿದ ಅಂಕ ಇಎಫ್-3. ಟಾರ್ನೆಡೊಗಳ ಒಳಗೆ ಉಪಕರಣ ಇಟ್ಟು ಅಧ್ಯಯನ ಮಾಡುತ್ತಿದ್ದ ಟಿಮ್ ಸಮಾರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಅಂದೇ ಪ್ರಾಣ ಕಳೆದುಕೊಂಡರು. ಅದಕ್ಕೇ ಹೇಳುವುದು, ಅಂಕ ನೋಡಿ ‘ಪರವಾಗಿಲ್ಲ, ಮೂರು ತಾನೆ’ ಎನ್ನಬಾರದು.

ಈಗ ಮರದ ಮನೆ. ಇಲ್ಲಿ ಮರ ಅಗ್ಗ, ಕೆಲಸ ಬೇಗ, ಬಡಗಿಗಳು ಸಿಗುತ್ತಾರೆ. ಒಂದು ಮನೆಗೆ ಅದರ ಆಯುಸ್ಸಿನಲ್ಲಿ ದೊಡ್ಡ ಟಾರ್ನೆಡೊ ತಗುಲುವ ಸಂಭವ ಓಕ್ಲಹೋಮದಲ್ಲೂ ತೀರ ಕಡಿಮೆ. ಆದರೆ ‘ಸಿಮೆಂಟ್ ಮನೆ ಕಟ್ಟಿದ್ದರೆ ಏನೂ ಆಗುತ್ತಿರಲಿಲ್ಲ’ ಎಂಬ ಮಾತನ್ನು ಒಪ್ಪಲಾರೆ. 2013ರ ಮೇ 20ರಂದು ಓಕ್ಲಹೋಮದ ಮೂರ್ ಪಟ್ಟಣದಲ್ಲಿ 24 ಜನ ಸತ್ತರು, ಅವರಲ್ಲಿ ಏಳು ಮಕ್ಕಳು ಪ್ಲಾಜಾ ಟವರ್ಸ್ ಶಾಲೆಯವರು. ಆ ಮಕ್ಕಳ ಮೇಲೆ ಬಿದ್ದದ್ದು ಮರವಲ್ಲ, ಕಾಂಕ್ರೀಟ್ ಬ್ಲಾಕಿನ ಗೋಡೆ. ಜಾಪ್ಲಿನ್‌ನಲ್ಲಿ ದೊಡ್ಡ ಅಂಗಡಿಯೊಂದರ ಎತ್ತರದ ಕಾಂಕ್ರೀಟ್ ಗೋಡೆಗಳು ಛಾವಣಿ ಕಳಚಿದ ಕೂಡಲೇ ಮಗುಚಿ ಬಿದ್ದವು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದು ಛಾವಣಿಯನ್ನು ಮೇಲಿನಿಂದ ಎಳೆಯುತ್ತದೆ. ಕಿಟಕಿಯೋ ಗ್ಯಾರೇಜ್ ಬಾಗಿಲೋ ಒಡೆದರೆ ಒಳಗೆ ನುಗ್ಗಿ ಕೆಳಗಿನಿಂದಲೂ ನೂಕುತ್ತದೆ. ಛಾವಣಿ ಹೋದ ಮೇಲೆ ಗೋಡೆಗೆ ಆಸರೆಯಿಲ್ಲ. ಆದ್ದರಿಂದ ನಾವು ನೋಡುವುದು ಗೋಡೆ ಯಾವುದರದ್ದು ಎಂಬುದಕ್ಕಿಂತ ಹೆಚ್ಚಾಗಿ ಛಾವಣಿ ಗೋಡೆಗೆ, ಗೋಡೆ ಅಡಿಪಾಯಕ್ಕೆ ಹೇಗೆ ಬಿಗಿಯಲ್ಪಟ್ಟಿದೆ ಎಂಬುದನ್ನು. ಮೂರ್ ನಗರ 2014ರಲ್ಲಿ ಕಟ್ಟಡ ನಿಯಮ ಬದಲಿಸಿ, ಹೊಸ ಮನೆಗಳು ಗಂಟೆಗೆ 217 ಕಿಲೋಮೀಟರ್ ಗಾಳಿ ತಡೆಯಬೇಕು, ಗ್ಯಾರೇಜ್ ಬಾಗಿಲು ಬಲವಾಗಿರಬೇಕು ಎಂದಿತು. ಇಎಫ್-5ರ ನಡುಮಧ್ಯದಲ್ಲಿ ಇದು ಸಾಲದು. ಆದರೆ ದೊಡ್ಡ ಟಾರ್ನೆಡೊದಲ್ಲೂ ಹೊಡೆತಕ್ಕೆ ಸಿಕ್ಕುವ ಬಹುಪಾಲು ಮನೆಗಳು ಅಂಚಿನ ಕಡಿಮೆ ಗಾಳಿಯಲ್ಲಿರುತ್ತವೆ, ಅವು ಉಳಿಯುತ್ತವೆ.

ನಡುವಿನಲ್ಲಿ ಸಿಕ್ಕವರಿಗೆ ಸೇಫ್ ರೂಮ್ ಒಂದೇ ದಾರಿ. ಗಂಟೆಗೆ 400 ಕಿಲೋಮೀಟರ್ ಗಾಳಿಗೆ ಲೆಕ್ಕ ಹಾಕಿದ ಸಣ್ಣ ಉಕ್ಕಿನ ಅಥವಾ ಕಾಂಕ್ರೀಟ್ ಕೋಣೆ ಅದು. ಟೆಕ್ಸಸ್‌ನ ಲಬಕ್‌ನಲ್ಲಿ 1970ರ ಮೇ 11ರಂದು 26 ಜನ ಸತ್ತ ಮೇಲೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಈ ಸಂಶೋಧನೆ ಬೆಳೆಯಿತು. ಏಳು ಕಿಲೋ ತೂಕದ ಮರದ ತೊಲೆಯನ್ನು ಗಾಳಿತೋಪಿನಿಂದ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಹೊಡೆದು ಪರೀಕ್ಷಿಸುತ್ತಾರೆ. ದುಡ್ಡಿದ್ದವರು ಹಾಕಿಸಿಕೊಳ್ಳುತ್ತಾರೆ. ಇಲ್ಲದವರು ಮೊಬೈಲ್ ಹೋಮ್‌ಗಳಲ್ಲಿ (ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆಗಳಲ್ಲಿ) ಇರುತ್ತಾರೆ, ಮನೆಯೊಳಗೆ ಆಗುವ ಟಾರ್ನೆಡೊ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ. ಶ್ರೀಮಂತ ದೇಶದಲ್ಲೂ ಲೆಕ್ಕ ಹೀಗಿದೆ.

ನಿಮ್ಮ ಪ್ರಶ್ನೆಯಲ್ಲಿ ಇರಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ತಗಡಿನ ಶೀಟು ಹೊದಿಸಿ ಮೇಲೆ ಕಲ್ಲು ಹೇರುತ್ತಾರೆ. ಮುಂಗಾರುಪೂರ್ವ ಬಿರುಗಾಳಿಗೆ ಆ ಶೀಟೂ ಹಾರುತ್ತದೆ, ಕಲ್ಲೂ ತಲೆಯ ಮೇಲೆ ಬೀಳುತ್ತದೆ. ಕಲ್ಲಿನ ಬದಲು ಜೆ-ಬೋಲ್ಟ್ (ಕೊಕ್ಕೆಯಂತೆ ಬಾಗಿದ ಬೋಲ್ಟ್) ಹಾಕಿ ಶೀಟನ್ನು ಪೈಪಿಗೆ ಬಿಗಿಸಿ, ಪೈಪನ್ನು ಗೋಡೆಯೊಳಗಿನ ಕಾಂಕ್ರೀಟಿಗೆ ಹೂತು ಹಿಡಿಸಿ. ಅಂಚುಗಳಲ್ಲಿ, ಮೂಲೆಗಳಲ್ಲಿ ಬೋಲ್ಟುಗಳನ್ನು ಇನ್ನೂ ಒತ್ತೊತ್ತಾಗಿ ಹಾಕಿಸಿ, ಗಾಳಿ ಮೊದಲು ಎತ್ತುವುದು ಅಲ್ಲಿಂದಲೇ.