ಕೇಳಿದರೆ ಕೆಲಸ ಕೆಡುತ್ತದೆಯೇ?

ಕುಮಟಾದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ನಮ್ಮ ಜಿಲ್ಲೆಗೆ ಯಾವ ಯೋಜನೆ ಬಂದರೂ ಸಭೆ, ವಿರೋಧ, ಮತ್ತೆ ಸಭೆ. ಮಾತು ಜಾಸ್ತಿಯಾಯಿತು. ಸರ್ಕಾರ ಆದೇಶ ಮಾಡಲಿ, ಅಧಿಕಾರಿಗಳು ಜಾರಿ ಮಾಡಲಿ.’

ಮಾಸ್ತರೇ, ಒಂದು ಮಾತು ಒಪ್ಪುತ್ತೇನೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಹೆದ್ದಾರಿಗೆ ಕುಸಿದಾಗ ಬೇಕಾದದ್ದು ಆದೇಶವೇ. ಆ ಹೊತ್ತಲ್ಲಿ ಒಬ್ಬರು ಹೇಳಬೇಕು, ಉಳಿದವರು ಓಡಬೇಕು. ಆದರೆ ರಸ್ತೆಗೆಂದು ಗುಡ್ಡ ಕಡಿಯುವ ಮೊದಲು ಅದರ ಬುಡದಲ್ಲಿದ್ದವರನ್ನು ಕೇಳಲು ಬೇಕಾದಷ್ಟು ಸಮಯ ಇತ್ತಲ್ವಾ?

ನಮ್ಮ ಉತ್ತರ ಕನ್ನಡದ ಬೇಡ್ತಿ ನದಿಯ ಕಥೆ ನಿಮಗೆ ನೆನಪಿರಲೇಬೇಕು. ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಿಗರು ಸುಮ್ನೆ ಘೋಷಣೆ ಕೂಗಲಿಲ್ಲ. 1981ರಲ್ಲಿ ಅವರದೇ ಸಹಕಾರಿ ಸಂಘ ಟಿಎಸ್‌ಎಸ್ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ಕಾಡಿಗೆ, ಅಡಿಕೆ ತೋಟಕ್ಕೆ ಬೆಲೆ ಕಟ್ಟಿ ನೋಡಿದರು. ವಿದ್ಯುತ್ತಿನ ಲಾಭದ ಲೆಕ್ಕ ಅಲ್ಲಿ ಸಡಿಲವಾಯಿತು. ಯೋಜನೆ ಬದಿಗೆ ಸರಿಯಿತು. ಮೇಲಿನವರು ಮಾಡದ ಲೆಕ್ಕವನ್ನು ಕೆಳಗಿನವರು ಮಾಡಿಕೊಟ್ಟರು! ಎರಡೇ ವರ್ಷಕ್ಕೆ, ಊರನ್ನು ಕೇಳದೆ ಮರ ಕಡಿಯಲು ಹೊರಟಾಗ, ಶಿರಸಿ ಹತ್ತಿರದ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು.

ಈಗ ಕೇಳುವ ಶಾಸ್ತ್ರವೇನೋ ಇದೆ. 2006ರ ಪರಿಸರ ಅಧಿಸೂಚನೆ ಪ್ರಕಾರ 30 ದಿನ ಮೊದಲು ನೋಟಿಸ್ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಎಷ್ಟು ಜನ ಬರಬೇಕೆಂಬ ಕನಿಷ್ಠ ಮಿತಿ ಇಲ್ಲ. ಕರಾವಳಿಯ ಅಂಥದೊಂದು ಸಭೆಯಲ್ಲಿ ನಾನು ಕೂತಿದ್ದೆ. ಶಾಮಿಯಾನ, ಕೆಡುವ ಮೈಕು, ಮೇಜಿನ ಮೇಲೆ ಇಂಗ್ಲಿಷಿನ ದಪ್ಪ ವರದಿ. ಉಪ್ಪುನೀರು ನುಗ್ಗುವ ತಗ್ಗು ಗದ್ದೆ ಗಜನಿಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಅಜ್ಜಿ ಎದ್ದು, ‘ಹೂಳೆತ್ತಿದರೆ ಉಪ್ಪುನೀರು ಎಲ್ಲಿವರೆಗೆ ಬರ್ತದೆ? ಬೆಳಚು ಉಳೀತದಾ?’ ಎಂದು ಕೇಳಿದರು. ಬೆಳಚು ಅಂದರೆ ಅಳಿವೆಯ ಚಿಪ್ಪುಮೀನು. ವೇದಿಕೆಯಿಂದ ಬಂದದ್ದು ಒಂದೇ ಮಾತು: ‘ನೋಟ್ ಮಾಡ್ಕೊಳ್ಳಿ.’ ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಬರಲೇ ಇಲ್ಲ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೇ ಮೊದಲ ಮಾತು. ಭೂಮಿಯ ಹಕ್ಕು ಕೋರಿದ ಅರ್ಜಿ ಉಪವಿಭಾಗ ಸಮಿತಿಗೆ, ಜಿಲ್ಲಾ ಸಮಿತಿಗೆ ಹೋದ ಮೇಲೆ ಊರಿನ ಮಾತು ಎಷ್ಟು ಉಳಿಯುತ್ತದೆ? ತಿರಸ್ಕೃತ ಅರ್ಜಿ ಹಿಡಿದ ನಮ್ಮ ಅರಣ್ಯಭೂಮಿ ಅತಿಕ್ರಮಣದಾರರನ್ನು ಒಮ್ಮೆ ಕೇಳಿ ನೋಡಿ.

ಮಾತಾಡಲು ಎದುರಿಗೆ ಯಾರಾದರೂ ಬೇಕಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನರ ಪರವಾಗಿ ಕೂತು ಚೌಕಾಸಿ ಮಾಡಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು. ಊರವರಿಗೆ ಉಳಿದದ್ದು ಡಿಸಿ ಕಚೇರಿಗೆ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ವಾಪಸ್ ಬಸ್ ಹತ್ತುವುದು. ಇದನ್ನು ಮಾತು ಜಾಸ್ತಿಯಾಯಿತು ಅಂತೀರಾ, ಮಾಸ್ತರೇ?

-ಸಂ.